ಸಭೇಲಿ ಮತ್ತೆ ವಾಕ್ಯ ಓದೋದು, ಓದಿದ್ದನ್ನ ಪ್ರೀತಿಯಾಗಿ ಬದುಕೋದು: ಎಲ್ಲಿಂದ ಶುರು ಮಾಡ್ಬೇಕು

ಬೆಳಕು ಹರಿಯೋ ಮುಂಚೆನೇ ವಾಟ್ಸಾಪ್ ಗ್ರೂಪಿಗೆ ಒಂದು ಬೈಬಲ್ ವಚನ ಬಂದಿರುತ್ತೆ, ಹಿಂದುಗಡೆ ಸೂರ್ಯೋದಯದ ಫೋಟೋ, ಕೆಳಗೆ ಸಾಲಾಗಿ ಆಮೆನ್. ಭಾನುವಾರ ಆರಾಧನೆ, ವಾರದ ಮಧ್ಯೆ ಮನೆಗಳಲ್ಲಿ ಕಾಟೇಜ್ ಪ್ರೇಯರ್, ಶುಕ್ರವಾರ ಉಪವಾಸ ಪ್ರಾರ್ಥನೆ, ವರ್ಷಕ್ಕೊಂದು ಕನ್ವೆನ್ಶನ್, ಯೂಟ್ಯೂಬಲ್ಲಿ ಯಾವಾಗ ಬೇಕಾದ್ರೂ ಪ್ರಸಂಗ. ಇಷ್ಟೆಲ್ಲಾ ಇದ್ರೂ ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಸುವಾರ್ತೆನ ಮೊದಲಿಂದ ಕೊನೆ ತನಕ ಕೂತು ಓದಿರೋರನ್ನ ಹುಡುಕಿದ್ರೆ ಬಹಳ ಕಡಿಮೆ ಜನ ಸಿಗ್ತಾರೆ. ಅದೇ ಸಭೇಲಿ ಯಾವ ಮನೆಗೂ ಯಾವ ಮನೆಗೂ ಮಾತಿಲ್ಲ, ಯಾರು ಯಾರ ಪಕ್ಕ ಕೂರಲ್ಲ ಅಂತ ಕೇಳಿದ್ರೆ ಮಾತ್ರ ಎಲ್ರಿಗೂ ಬಾಯಿಪಾಠ. ಇವೆರಡೂ ಬೇರೆ ಬೇರೆ ಕಾಯಿಲೆ ಅಂತ ನನಗನ್ಸಲ್ಲ. ದೇವರ ವಾಕ್ಯನ ತುಂಡು ಮಾಡಿ ಓದೋ ಅಭ್ಯಾಸ ಬಂದಿದ್ದಕ್ಕೇ ಪ್ರೀತಿನೂ ನಮಗೆ ಒಗ್ಗೋ ಜನರಿಗೆ ಮಾತ್ರ ಅಂತಾಗಿಬಿಟ್ಟಿದೆ.

ಹೇಗೆ ಅಂದ್ರೆ, ಯೆರೆಮೀಯ 29:11 ತಗೊಳ್ಳಿ. ನಿಮ್ಮ ಬಗ್ಗೆ ನನಗಿರೋದು ಒಳ್ಳೆ ಯೋಚನೆ, ನಿಮಗೆ ಮುಂದಕ್ಕೆ ನಿರೀಕ್ಷೆ ಇದೆ ಅಂತ ದೇವರು ಹೇಳೋ ಮಾತು, ಎಷ್ಟು ಮನೆಗಳ ಗೋಡೆ ಮೇಲಿದೆ ಅದು. ಆದ್ರೆ ಅದು ಬಾಬೆಲಿಗೆ ಸೆರೆ ಹೋಗಿದ್ದ ಜನರಿಗೆ ಬರೆದ ಪತ್ರ, ಅದರ ಹಿಂದಿನ ವಚನದಲ್ಲೇ 70 ವರ್ಷ ಆಗೋ ತನಕ ಕಾಯ್ಬೇಕು ಅಂತಿದೆ, ಇನ್ನೂ ಸ್ವಲ್ಪ ಮೇಲೆ 7ನೇ ವಚನದಲ್ಲಿ ನಿಮ್ಮನ್ನ ಸೆರೆ ಒಯ್ದಿರೋ ಆ ಪಟ್ಟಣದ ಒಳ್ಳೇದಕ್ಕಾಗಿನೇ ಪ್ರಾರ್ಥನೆ ಮಾಡಿ ಅಂತಿದೆ. ಶತ್ರುಗಳ ಊರಿನ ಕ್ಷೇಮಕ್ಕೆ! ಆ ಮಾತು ಯಾವ ಗೋಡೆ ಮೇಲೂ ಇಲ್ಲ. ಪೂರ್ತಿ ಓದಿದ್ರೆ ವಾಕ್ಯ ನಮ್ಮನ್ನ ಬೇರೆಯವರ ಕಡೆ ತಿರುಗಿಸುತ್ತೆ, ತುಂಡು ಓದಿದ್ರೆ ನಮ್ಮ ಕಡೆಗೇ ತಿರುಗಿಸಿ ನಿಲ್ಲಿಸುತ್ತೆ.

ಈ ಬರಹ ಸಭೆಯ ಸಾಮಾನ್ಯ ಸದಸ್ಯರಿಗೆ. ಕಮಿಟಿ ಬೇಡ, ಬಜೆಟ್ ಬೇಡ, ಎಲ್ಇಡಿ ಸ್ಕ್ರೀನು ಕೀಬೋರ್ಡು ಏನೂ ಬೇಡ. ಒಂದು ಮನೆ, ಒಂದಷ್ಟು ಜನ, ಬೈಬಲ್ ಇದ್ರೆ ಸಾಕು. ನಮ್ಮ ಕಡೆ ಹೀಗೆ ಮಾಡ್ತಾ ಬಂದಿದ್ದೀವಿ, ಅದ್ರಿಂದ ಏನು ನಡೀತು ಏನು ನಡೀಲಿಲ್ಲ ಅಂತ ನೋಡಿಕೊಂಡೇ ಬರೀತಿದ್ದೀನಿ.

ಜನ, ಮನೆ, ಹೊತ್ತು

ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಜಾಸ್ತಿ ಆದ್ರೆ ಇಬ್ರು ಮೂವರು ಮಾತಾಡ್ತಾರೆ, ಮಿಕ್ಕವರು ಕೇಳಿಸ್ಕೊಂಡು ಎದ್ದು ಹೋಗ್ತಾರೆ. ಕರೆಯೋವಾಗ ಒಂದು ವಿಷಯ ದಯವಿಟ್ಟು ನೆನಪಿಡಿ, ನಿಮಗೆ ಇಷ್ಟ ಆಗೋರನ್ನೇ ಗುಡ್ಡೆ ಹಾಕ್ಕೋಬೇಡಿ. ಒಬ್ಬರು ವಯಸ್ಸಾದವರು, ಒಬ್ಬರು ಕಾಲೇಜು ಹುಡುಗ ಅಥವಾ ಹುಡುಗಿ, ಮನೆಗೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗೋರು ಒಬ್ಬರು, ಓದೋಕೆ ಬರ್ದೇ ಇರೋರು ಒಬ್ಬರು, ಸಭೇಲಿ ಯಾವಾಗ್ಲೂ ಕೊನೆ ಬೆಂಚಲ್ಲಿ ಕೂತು ಆಶೀರ್ವಾದ ಮುಗಿದ ತಕ್ಷಣ ಹೊರಟುಬಿಡೋರು ಒಬ್ಬರು, ಹೀಗಿರ್ಬೇಕು ಗುಂಪು. ಫೋನಲ್ಲಿ ಮೆಸೇಜ್ ಹಾಕಿ ಕರೆಯೋದಲ್ಲ, ಮನೆ ಬಾಗಿಲಿಗೆ ಹೋಗಿ ಕರೀರಿ, ಯಾಕಂದ್ರೆ ಮೆಸೇಜ್ ನೋಡಿ ಬರೋರು ಹೇಗಿದ್ರೂ ಎಲ್ಲಾ ಮೀಟಿಂಗಿಗೂ ಬರೋರೇ ಆಗಿರ್ತಾರೆ.

ಅದಕ್ಕಿಂತ ಮುಂಚೆ ಸಭಾಪಾಲಕರನ್ನ ಭೇಟಿ ಮಾಡಿ ವಿಷಯ ತಿಳಿಸಿ. ನಿಮ್ಮದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಿದ್ರೆ ಅಯ್ಯನವರಿಗೆ, ಮೆಥೊಡಿಸ್ಟ್ ಆಗ್ಲಿ ಪೆಂತೆಕೋಸ್ತ್ ಆಗ್ಲಿ ಪಾಸ್ಟರಿಗೆ, ಕಥೋಲಿಕರಾದ್ರೆ ಫಾದರಿಗೆ. ಎಷ್ಟೋ ಸಭೆಗಳು ಮನೆ ಕೂಟದಿಂದಾನೇ ಒಡೆದು ಹೋಗಿವೆ, ಹಾಗಾಗಿ ಅವರಿಗೆ ಭಯ ಇರೋದು ಸಹಜ. "ಅಯ್ಯಾ, ಇದು ಬೇರೆ ಸಭೆ ಅಲ್ಲ, ಕಾಣಿಕೆ ಎತ್ತಲ್ಲ, ಆರಾಧನೆ ಹೊತ್ತಲ್ಲಿ ಇಡಲ್ಲ, ಅರ್ಥ ಆಗ್ದೇ ಇರೋದನ್ನ ನಿಮ್ಮ ಹತ್ರ ತಂದು ಕೇಳ್ತೀವಿ" ಅಂತ ಹೇಳಿ, ಹೇಳಿದ ಹಾಗೇ ನಡ್ಕೊಳ್ಳಿ.

ಹೊತ್ತು ಎಲ್ರನ್ನೂ ಕೇಳಿ ಇಟ್ಕೊಳ್ಳಿ, ಆದ್ರೆ ಅತಿ ಕಷ್ಟದ ಕೆಲಸದಲ್ಲಿರೋರ ಅನುಕೂಲನೇ ಕೊನೆ ಮಾತಾಗ್ಲಿ. ಗಾರ್ಮೆಂಟ್ಸಿಂದ ಬಂದು ಅಡಿಗೆ ಮಾಡಿಟ್ಟು ಬರೋ ಅಕ್ಕನಿಗೆ ಏಳು ಗಂಟೆ ಆಗಲ್ಲ ಅಂದ್ರೆ ಎಂಟಕ್ಕೆ ಇಡಿ. ಒಂದೂಕಾಲು ಗಂಟೆ ಮೀರಬೇಡಿ, ಪ್ರಾರ್ಥನೆ ಚೆನ್ನಾಗಿ ಬರ್ತಿದೆ ಅಂತ ಹತ್ತು ಗಂಟೆ ತನಕ ಎಳೆದ್ರೆ ಮುಂದಿನ ವಾರ ಅರ್ಧ ಜನ ಬರಲ್ಲ.

ತಿಂಡಿ ವಿಷಯ ಚಿಕ್ಕದು ಅನ್ಸುತ್ತೆ, ಆದ್ರೆ ಅದೇ ಎಷ್ಟೋ ಗುಂಪುಗಳನ್ನ ನಿಲ್ಲಿಸಿದೆ. ಮೊದಲನೇ ಮನೇಲಿ ಟೀ ಬಿಸ್ಕೆಟ್ ಕೊಡ್ತಾರೆ, ಎರಡನೇ ಮನೇಲಿ ಕೇಸರಿಬಾತ್ ಉಪ್ಪಿಟ್ಟು, ನಾಲ್ಕನೇ ಮನೆ ಹೊತ್ತಿಗೆ ಬಿರಿಯಾನಿ. ಆಮೇಲೆ ಒಂದೇ ರೂಮಿನ ಮನೆಯವರು "ಈ ಸಲ ನಮ್ಮನೆ ಬೇಡ ಬಿಡಿ" ಅಂತಾರೆ, ಕ್ರಮೇಣ ಅವರೇ ಬರೋದು ನಿಲ್ಲಿಸ್ತಾರೆ. ಅದಕ್ಕೇ ಮೊದಲನೇ ದಿನಾನೇ ಟೀ ಮಾತ್ರ ಅಂತ ತೀರ್ಮಾನ ಮಾಡ್ಬಿಡಿ, ಅನುಕೂಲ ಇರೋರೂ ಅದನ್ನ ಮೀರಬಾರ್ದು. ಎಲ್ರ ಮನೇಲೂ ಸರದಿ ಬರ್ಲಿ, ಚಾಪೆ ಹಾಸ್ಕೊಂಡು ಕೂರಿ.

ಯಾವ ಪುಸ್ತಕ, ಹೇಗೆ ಓದೋದು

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಮೊದಲನೇ ವಾರ ಯಾವ ಚರ್ಚೆನೂ ಬೇಡ, ಒಬ್ಬರಾದ ಮೇಲೆ ಒಬ್ಬರು ಜೋರಾಗಿ ಓದ್ತಾ ಹೋಗಿ, ಪೂರ್ತಿ ಓದೋಕೆ ಒಂದೂವರೆ ಎರಡು ಗಂಟೆ ಹಿಡಿಯುತ್ತೆ ಅಷ್ಟೇ, ಆ ಒಂದು ದಿನ ಮಾತ್ರ ಹೊತ್ತು ಮೀರಿದ್ರೂ ಪರವಾಗಿಲ್ಲ. ಯೂವರ್ಷನ್ ಆಪಲ್ಲಿ ಕನ್ನಡ ಬೈಬಲ್ ಇದೆ, ಕನ್ನಡದಲ್ಲಿ ಆಡಿಯೋ ಬೈಬಲ್ಲೂ ಸಿಗುತ್ತೆ, ಓದೋಕೆ ಬರ್ದೇ ಇರೋರ ಮನೆಯವರ ಫೋನಿಗೆ ಅದನ್ನ ಹಾಕ್ಕೊಡಿ, ಅಡಿಗೆ ಮಾಡ್ತಾ ಕೇಳಿಸ್ಕೊಂಡು ಬರ್ತಾರೆ, ಎಷ್ಟೋ ಸಲ ಅವರೇ ನಮಗಿಂತ ಚೆನ್ನಾಗಿ ನೆನಪಿಟ್ಟಿರ್ತಾರೆ.

ಮನೇಲಿರೋದು ಬೈಬಲ್ ಸೊಸೈಟಿಯ ಸತ್ಯವೇದವು ಆದ್ರೆ ಅದನ್ನೇ ತನ್ನಿ, ಕಥೋಲಿಕರ ಮನೇಲಿ ಶ್ರೀಗ್ರಂಥ ಇರುತ್ತೆ, ಅದೂ ಬರ್ಲಿ. ಹಳೇ ಭಾಷೆ ಮಕ್ಕಳಿಗೆ ಹಿಡಿಯಲ್ಲ ಅಂದ್ರೆ ಅದೇ ಭಾಗನ ಸುಲಭದ ಕನ್ನಡದಲ್ಲಿರೋ ಬೈಬಲಿಂದ ಇನ್ನೊಬ್ಬರು ಓದ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಇಂಗ್ಲಿಷಲ್ಲೇ ಓದ್ತೀನಿ ಅಂದ್ರೂ ಬೈಬೇಡಿ, ಆದ್ರೆ ಜೋರಾಗಿ ಓದೋದು ಕನ್ನಡದಲ್ಲೇ ಇರ್ಲಿ, ಅಜ್ಜಿಗೂ ಅರ್ಥ ಆಗ್ಬೇಕಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಾನುಗಟ್ಟಲೆ ಕೂತು ಅನುವಾದ ಮಾಡಿ 1831ರಲ್ಲಿ ಇಡೀ ಬೈಬಲನ್ನ ಕನ್ನಡದಲ್ಲಿ ಅಚ್ಚು ಹಾಕಿಸಿದ್ರು, ಅಂದ್ರೆ ಇನ್ನೂರು ವರ್ಷದ ಹತ್ರ ಆಯ್ತು ವಾಕ್ಯ ನಮ್ಮ ಭಾಷೇಲಿ ನಮ್ಮ ಕೈಗೆ ಬಂದು. ಅಷ್ಟು ಕಷ್ಟಪಟ್ಟು ಕೊಟ್ಟಿದ್ದು ಷೋಕೇಸಲ್ಲಿ ಇಡೋದಕ್ಕಲ್ಲ.

ಎರಡನೇ ವಾರದಿಂದ ಒಂದೊಂದು ಭಾಗ. ಅಧ್ಯಾಯ ಪೂರ್ತಿ ಬೇಡ, ಒಂದು ಘಟನೆ ಸಾಕು. ಎರಡು ಸಲ ಓದಿ, ಎರಡನೇ ಸಲ ಬೇರೆಯವರ ಬಾಯಲ್ಲಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ, ತಕ್ಷಣ ಸ್ತೋತ್ರ ಹಲ್ಲೆಲೂಯ ಅಂತ ಶುರು ಮಾಡೋದು ಬೇಡ. ಆಮೇಲೆ ಮೂರೇ ಪ್ರಶ್ನೆ. ಇಲ್ಲಿ ಏನು ನಡೀತಿದೆ, ಯಾರ್ಯಾರಿದ್ದಾರೆ? ಯೇಸು ಸ್ವಾಮಿ ಏನು ಮಾಡಿದ್ರು, ಏನು ಮಾಡ್ಲಿಲ್ಲ? ಇದನ್ನ ಓದಿದಾಗ ನಿಮಗೆ ಯಾರ ನೆನಪು ಬಂತು?

ಆ ಮೂರನೇ ಪ್ರಶ್ನೆನ ಯಾವ ಕಾರಣಕ್ಕೂ ಬಿಡ್ಬೇಡಿ. ಸಾಮಾನ್ಯವಾಗಿ ಬೈಬಲ್ ಸ್ಟಡಿಲಿ ಕೊನೇಲಿ ಕೇಳೋದು "ಇದರಿಂದ ನಾನು ಏನು ಕಲಿತೆ" ಅಂತ. ಅದಕ್ಕೆ ಉತ್ತರ ಯಾವಾಗ್ಲೂ ಒಂದೇ ಥರ ಬರುತ್ತೆ, ನಾನು ಇನ್ನೂ ಪ್ರಾರ್ಥನೆ ಮಾಡ್ಬೇಕು, ನನ್ನ ನಂಬಿಕೆ ಹೆಚ್ಚಬೇಕು. ಯಾರ ನೆನಪು ಬಂತು ಅಂತ ಕೇಳಿದ್ರೆ ಮಾತ್ರ ಒಂದು ಹೆಸರು ಹೊರಗೆ ಬರುತ್ತೆ. ಕುಷ್ಠರೋಗಿನ ಯೇಸು ಕೈಚಾಚಿ ಮುಟ್ಟಿದ್ರು ಅಂತ ಮಾರ್ಕ 1ರಲ್ಲಿ ಓದಿದ ದಿನ, ಬಾಯಿಮಾತಲ್ಲೇ ವಾಸಿ ಮಾಡಬಹುದಿತ್ತಲ್ಲಾ, ಯಾಕೆ ಮುಟ್ಟಿದ್ರು ಅಂತ ಒಬ್ಬ ಹುಡುಗ ಕೇಳ್ದ. ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ, ಆಮೇಲೆ ಒಬ್ಬರು, ಪಾರ್ಶ್ವವಾಯು ಹೊಡೆದು ಮಲಗಿರೋ ತಮ್ಮ ಬೀದಿಯ ತಾತನ ಹೆಸರು ಹೇಳಿದ್ರು, ಮಗ ಸೊಸೆ ಬಿಟ್ರೆ ಅವರನ್ನ ಮುಟ್ಟಿ ಮಾತಾಡ್ಸೋರೇ ಇಲ್ಲ ಅಂತ. ಆ ವಾರ ಇಬ್ಬರು ಹೋಗಿ ಅವರಿಗೆ ಉಗುರು ಕತ್ತರಿಸಿ, ಕ್ಷೌರ ಮಾಡಿಸಿ ಬಂದ್ರು.

ಮಾತಿಗೆ ಒಂದಷ್ಟು ಕಟ್ಟುಪಾಡು ಬೇಕು. ಪ್ರಸಂಗ ಮಾಡಂಗಿಲ್ಲ. ಒಬ್ಬರು ಮಾತಾಡಿದ ಮೇಲೆ ಇನ್ನೂ ಮಾತಾಡ್ದೇ ಇರೋರಿಗೆ ಮೊದಲ ಅವಕಾಶ. ಬೇರೆ ಸಭೆಯವರ ದೀಕ್ಷಾಸ್ನಾನ ಸರಿನಾ ತಪ್ಪಾ, ಅನ್ಯಭಾಷೆ ಬೇಕಾ ಬೇಡ್ವಾ, ಅಂತ್ಯಕಾಲ ಯಾವಾಗ, ಇವನ್ನೆಲ್ಲ ಅಂದಿನ ಭಾಗದಲ್ಲಿ ಇಲ್ಲ ಅಂದ್ರೆ ಎತ್ತಬೇಡಿ. ಹೇಳೋದನ್ನ ಆ ಪುಟದಲ್ಲೇ ಬೆರಳಿಟ್ಟು ತೋರಿಸ್ಬೇಕು. ಗೊತ್ತಿಲ್ಲ ಅಂತ ಹೇಳೋದು ತಪ್ಪಲ್ಲ, ಬರೆದಿಟ್ಕೊಂಡು ಅಯ್ಯನವರನ್ನ ಕೇಳಿ. ಬೆರೋಯ ಅನ್ನೋ ಊರಿನವರು ಅಪೊಸ್ತಲ ಪೌಲನಂಥವನು ಬಂದು ಬೋಧಿಸಿದ್ರೂ ಅದು ಹೌದೋ ಅಲ್ವೋ ಅಂತ ದಿನಾ ಶಾಸ್ತ್ರ ತೆಗೆದು ನೋಡ್ತಿದ್ರು ಅಂತ ಅಪೊಸ್ತಲರ ಕೃತ್ಯಗಳು 17:11ರಲ್ಲಿದೆ, ಅದಕ್ಕೆ ಅವರನ್ನ ಯಾರೂ ಬೈದಿಲ್ಲ, ಒಳ್ಳೇ ಗುಣದವರು ಅಂತಾನೇ ಬರೆದಿದೆ. ಯೂಟ್ಯೂಬಲ್ಲಿ ಕೇಳಿದ್ದಕ್ಕೂ ಇದೇ ಅಳತೆ.

ಒಂದು ಭಾಗ ಹೇಗೆ ತೆರ್ಕೊಳ್ಳುತ್ತೆ ಅಂತ

1 ಕೊರಿಂಥ 13 ನಮಗೆಲ್ಲಾ ಗೊತ್ತು, ಪ್ರೀತಿ ತಾಳ್ಮೆಯುಳ್ಳದ್ದು ಅನ್ನೋ ಅಧ್ಯಾಯ, ಮದುವೆ ಕಾರ್ಡಲ್ಲೂ ಹಾಕಿಸ್ತೀವಿ, ಮದುವೆ ಪ್ರಸಂಗದಲ್ಲೂ ಅದೇ. ಆದ್ರೆ ಅದನ್ನ ಪೌಲ ಮದುಮಕ್ಕಳಿಗೆ ಬರೆದಿದ್ದಲ್ಲ, ಕೊರಿಂಥ ಊರಿನ ಸಭೆಗೆ ಬರೆದಿದ್ದು. ಆ ಪತ್ರಿಕೆನ ಒಂದನೇ ಅಧ್ಯಾಯದಿಂದ ಓದ್ಕೊಂಡು ಬಂದ್ರೆ ನಮ್ಮ ಸಭೆಯ ವರದಿನೇ ಓದ್ತಿದ್ದೀವೇನೋ ಅನ್ಸುತ್ತೆ. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ, ನಾನು ಕೇಫನ (ಅಂದ್ರೆ ಪೇತ್ರನ) ಕಡೆ ಅಂತ ಗುಂಪುಗಾರಿಕೆ. 6ನೇ ಅಧ್ಯಾಯಕ್ಕೆ ಬಂದ್ರೆ ಸಹೋದರ ಸಹೋದರರೇ ಕೋರ್ಟಿಗೆ ಹೋಗಿದ್ದಾರೆ. 12ರಲ್ಲಿ ಪವಿತ್ರಾತ್ಮ ಕೊಟ್ಟ ವರಗಳಲ್ಲಿ ನನ್ನದು ದೊಡ್ಡದಾ ನಿನ್ನದು ದೊಡ್ಡದಾ ಅಂತ ಪೈಪೋಟಿ. ಇದರ ಮಧ್ಯೆ ಬರೋದು 13. ಹಾಗಾಗಿ ಪ್ರೀತಿ ಸಿಟ್ಟಿಗೇಳಲ್ಲ, ಅಪಕಾರನ ಮನಸ್ಸಲ್ಲಿ ಇಟ್ಕೊಳ್ಳಲ್ಲ ಅನ್ನೋದು ಸಭೆ ಆಡಳಿತ ನೋಡ್ಕೊಳ್ಳೋ ಪಾಸ್ಟ್ರೇಟ್ ಕಮಿಟಿ ಎಲೆಕ್ಷನ್ ಮುಗಿಸಿಕೊಂಡು ಬಂದು ಕೂತಿರೋ ಜನಕ್ಕೆ ಹೇಳಿದ ಮಾತು ಅಂತ ಓದಿ ನೋಡಿ, ಎಷ್ಟು ಹತ್ತಿರ ಬರುತ್ತೆ.

11ನೇ ಅಧ್ಯಾಯ 17ರಿಂದ ಮುಂದಕ್ಕೆ ನಮ್ಮ ಗುಂಪಲ್ಲಿ ಓದಿದ ಸಂಜೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಕರ್ತನ ಭೋಜನದ ಭಾಗ ಅದು, ಪ್ರತಿ ಸಲ ಪ್ರಭುಭೋಜನಕ್ಕೆ ಮುಂಚೆ 23ನೇ ವಚನದಿಂದ ಕೇಳಿ ಕೇಳಿ ಅಭ್ಯಾಸ. ಅಂದು 17ರಿಂದ ಓದಿದ್ವಿ. ಕೊರಿಂಥದಲ್ಲಿ ಎಲ್ಲರೂ ಕೂಡಿ ಬರ್ತಾರೆ, ಆದ್ರೆ ಕೆಲವರು ಮೊದಲೇ ತಿಂದು ಕುಡಿದು ಅಮಲೇರಿ ಕೂತಿರ್ತಾರೆ, ಇನ್ನು ಕೆಲವರು ಹಸ್ಕೊಂಡಿರ್ತಾರೆ. ಏನೂ ಇಲ್ಲದವರನ್ನ ನಾಚಿಕೆಪಡಿಸ್ತೀರಾ, ದೇವರ ಸಭೆನ ತಾತ್ಸಾರ ಮಾಡ್ತೀರಾ ಅಂತ ಪೌಲ ನೇರವಾಗಿ ಕೇಳ್ತಾನೆ. ಯಾಕೆ ಕೆಲವರಿಗೆ ಊಟ ಸಿಗ್ತಿರ್ಲಿಲ್ಲ ಅಂತ ಮಾತು ಬಂತು. ಮನೆಗೆಲಸಕ್ಕೆ ಹೋಗೋ ಅಕ್ಕ ಒಬ್ಬರು ಅಲ್ಲಿ ತನಕ ಬಾಯೇ ಬಿಟ್ಟಿರ್ಲಿಲ್ಲ, "ಕೆಲಸ ಮುಗಿಸ್ಕೊಂಡು ಬರೋಷ್ಟ್ರಲ್ಲಿ ಖಾಲಿ ಆಗಿರುತ್ತೆ ಅಲ್ವಾ" ಅಂದ್ರು. ಅಷ್ಟೇ ಅಂದಿದ್ದು. ಆಮೇಲೆ ನಿಧಾನಕ್ಕೆ ಹೊರಗೆ ಬಂತು, ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದು ಜನ ತಂದ ಕಾಣಿಕೆಗಳ ಹರಾಜು ನಡೆದು ಊಟ ಬಡಿಸೋ ಹೊತ್ತಿಗೆ ಬೆಳಗಿನ ಕೆಲಸ ಮುಗಿಸಿ ಬರೋ ಹೆಂಗಸರಿಗೆ ಪ್ರತಿ ವರ್ಷ ಬರೀ ಅನ್ನ ಸಾರು ಉಳಿದಿರುತ್ತೆ, ಅದಕ್ಕೇ ಒಂದಿಬ್ಬರು ಆ ದಿನ ಬರೋದನ್ನೇ ಬಿಟ್ಟಿದ್ದಾರೆ ಅಂತ.

ಅಲ್ಲಿ ಕೂತಿದ್ದವರಲ್ಲಿ ಇಬ್ಬರು ಊಟದ ಕಮಿಟಿಯವರೇ ಇದ್ರು. ಯಾರೂ ಅವರನ್ನ ಬೈಲಿಲ್ಲ, ಬೈಯೋ ಅಗತ್ಯನೂ ಇರ್ಲಿಲ್ಲ, 33ನೇ ವಚನದಲ್ಲಿ ಒಬ್ಬರಿಗೊಬ್ಬರು ಕಾದುಕೊಳ್ಳಿ ಅಂತ ಉತ್ತರನೂ ಅಲ್ಲೇ ಇತ್ತಲ್ಲ. ಮುಂದಿನ ಸುಗ್ಗಿ ಹಬ್ಬಕ್ಕೆ ಊಟನ ಒಂದು ಗಂಟೆ ಹಿಂದಕ್ಕೆ ಹಾಕಿದ್ರು, ತಡವಾಗಿ ಬಂದವರನ್ನ ಮೊದಲನೇ ಪಂಕ್ತೀಲಿ ಕೂರಿಸಿದ್ರು. ಬಿಟ್ಟಿದ್ದವರಲ್ಲಿ ಒಬ್ಬರು ಬಂದ್ರು, ಇನ್ನೊಬ್ಬರು ಬರ್ಲಿಲ್ಲ, ಅವರ ಮನೆಗೆ ಈಗ್ಲೂ ಹೋಗ್ತಾ ಇದ್ದೀವಿ.

ಒಂದು ಹೆಸರು, ಆ ವಾರದಲ್ಲೇ

ಪ್ರತಿ ಸಲ ಏಳೋ ಮುಂಚೆ ಒಂದು ಹೆಸರು ತೀರ್ಮಾನ ಆಗಿರ್ಬೇಕು, ಯಾರು ಹೋಗ್ತಾರೆ, ಯಾವತ್ತು ಹೋಗ್ತಾರೆ ಅಂತ ಕೂಡ. ಇಲ್ಲ ಅಂದ್ರೆ "ಪ್ರಾರ್ಥನೆ ಮಾಡೋಣ" ಅಂತ ಹೇಳಿ ಮುಗಿದುಹೋಗುತ್ತೆ. ಪ್ರಾರ್ಥನೆ ಮಾಡಿ, ಖಂಡಿತ ಮಾಡಿ, ಆದ್ರೆ ಯಾಕೋಬ 2:15-16ನ ಪಕ್ಕದಲ್ಲಿಟ್ಕೊಂಡು ಮಾಡಿ. ಬಟ್ಟೆ ಇಲ್ಲದವರಿಗೆ, ಊಟ ಇಲ್ಲದವರಿಗೆ ಸಮಾಧಾನದಿಂದ ಹೋಗಿ ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದ್ರೆ ಏನು ಪ್ರಯೋಜನ ಅಂತಾನೆ ಅಲ್ಲಿ.

ಹೋದಾಗ ಮೊದಲು ಕೇಳಿ. ಬಾರ್ತಿಮಾಯ ಕುರುಡ ಅಂತ ನೋಡಿದವರಿಗೆಲ್ಲಾ ಗೊತ್ತಿತ್ತು, ಆದ್ರೂ ಯೇಸು ಸ್ವಾಮಿ ನಾನು ನಿನಗೆ ಏನು ಮಾಡ್ಬೇಕು ಅಂತ ಅವನ ಬಾಯಿಂದಾನೇ ಕೇಳಿಸ್ಕೊಂಡ್ರು (ಮಾರ್ಕ 10:51). ನಾವು ಕೇಳಲ್ಲ, ಅಕ್ಕಿ ಬೇಳೆ ಕಿಟ್ ತಗೊಂಡು ಹೋಗಿ ಇಟ್ಟು ಫೋಟೋ ಹೊಡ್ಕೊಂಡು ಬರ್ತೀವಿ. ಅವರಿಗೆ ಬೇಕಾಗಿರೋದು ಕಿದ್ವಾಯಿ ಆಸ್ಪತ್ರೇಲಿ ಕೀಮೋ ದಿನ ಪಕ್ಕದಲ್ಲಿ ಕೂರೋಕೆ ಒಬ್ಬರು ಇರಬಹುದು. ವಿಧವಾ ಪಿಂಚಣಿ ಅರ್ಜಿ ತುಂಬಿಕೊಡೋರು ಬೇಕಿರಬಹುದು, ಹತ್ತನೇ ಕ್ಲಾಸ್ ಮಗನಿಗೆ ಗಣಿತ ಹೇಳಿಕೊಡೋರು ಇರಬಹುದು, ಕೆಲವು ಸಲ ಸುಮ್ಮನೆ ಒಂದು ಗಂಟೆ ಕೂತು ಮಾತು ಕೇಳಿಸ್ಕೊಳ್ಳೋರು. ಫೋಟೋ ಮಾತ್ರ ಬೇಡವೇ ಬೇಡ, ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರ್ದು ಅಂತ ಮತ್ತಾಯ 6:3ರಲ್ಲಿ ಹೇಳಿರೋವಾಗ ಸಭೆ ಫೇಸ್‌ಬುಕ್ ಪೇಜಿಗೆ ಯಾಕೆ ಗೊತ್ತಾಗ್ಬೇಕು? ತಗೊಳ್ಳೋರ ಮಕ್ಕಳೂ ಆ ಫೋಟೋ ನೋಡ್ತಾರೆ.

ದುಡ್ಡು ಸೇರಿಸೋ ಪರಿಸ್ಥಿತಿ ಬಂದ್ರೆ ಒಬ್ಬರ ಕೈಯಲ್ಲಿ ಇಡ್ಬೇಡಿ. ಇಬ್ಬರು ಎಣಿಸ್ಲಿ, ಪುಸ್ತಕದಲ್ಲಿ ಬರೀಲಿ, ಕೊಟ್ಟವರು ಯಾವಾಗ ಕೇಳಿದ್ರೂ ತೋರಿಸ್ಲಿ. ಯೆರೂಸಲೇಮಿನ ಬಡವರಿಗೆ ಹಣ ಒಯ್ಯೋವಾಗ ಪೌಲ ತಾನೊಬ್ಬನೇ ಒಯ್ಯಲಿಲ್ಲ, ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದವರನ್ನೂ ಕಳಿಸಿದ, ದೇವರ ಮುಂದೆ ಮಾತ್ರ ಅಲ್ಲ ಮನುಷ್ಯರ ಮುಂದೆನೂ ಸರಿಯಾಗಿರ್ಬೇಕು ಅಂತ ಕಾರಣನೂ ಬರೆದ (2 ಕೊರಿಂಥ 8:20-21). ಪೌಲನಿಗೇ ಬೇಕಾಗಿದ್ದ ಲೆಕ್ಕ ನಮಗೆ ಬೇಡ ಅನ್ನೋದು ಯಾವ ನ್ಯಾಯ.

ಮಾತು ಬಿಟ್ಟಿರೋರ ಮಧ್ಯೆ

ಇಲ್ಲಿಗೆ ಬಂದಾಗ ಎಲ್ಲಾ ಗುಂಪುಗಳೂ ತಡವರಿಸ್ತವೆ. ಮತ್ತಾಯ 18:15 ಬಹಳ ಸರಳ, ನಿನ್ನ ಸಹೋದರ ತಪ್ಪು ಮಾಡಿದ್ರೆ ನೀನು ಅವನು ಇಬ್ಬರೇ ಇರೋವಾಗ ಹೋಗಿ ಹೇಳು. ನಾವು ಮಾಡೋದು ಮೊದಲು ಹೆಂಡ್ತಿಗೆ ಹೇಳ್ತೀವಿ, ಆಮೇಲೆ ಅತ್ತಿಗೆಗೆ, ಆಮೇಲೆ ಪ್ರಾರ್ಥನಾ ವಿಷಯ ಅಂತ ಮಹಿಳಾ ಕೂಟದಲ್ಲಿ, ಕೊನೆಗೆ ಅಯ್ಯನವರಿಗೆ, ಆ ವ್ಯಕ್ತಿಗೆ ಬಿಟ್ಟು ಊರಿಗೆಲ್ಲಾ ಗೊತ್ತಾಗಿರುತ್ತೆ.

ಹೋಗೋದು ಹೇಗೆ ಅಂದ್ರೆ, ಒಬ್ಬರೇ ಹೋಗಿ. ಫೋನ್ ಬೇಡ, ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ, ಅದನ್ನ ಫಾರ್ವರ್ಡ್ ಮಾಡ್ತಾರೆ. ಹಬ್ಬದ ಹಿಂದಿನ ದಿನ, ಯಾರೋ ತೀರಿಕೊಂಡ ಮನೇಲಿ, ಮಕ್ಕಳ ಎದುರಿಗೆ ಬೇಡ. ಮೊದಲನೇ ಮಾತು ನಿಮ್ಮ ಕಡೆಯದ್ದಾಗಿರ್ಲಿ: "ಅಣ್ಣಾ, ಆ ಕಮಿಟಿ ಮೀಟಿಂಗಾದ ಮೇಲೆ ನಾನು ನಿಮ್ಮ ಹತ್ರ ಸರಿಯಾಗಿ ಮಾತಾಡಿಲ್ಲ, ಮನಸ್ಸಿಗೆ ನೋವಾಗಿದೆ, ಅದನ್ನ ನಿಮ್ಮ ಹತ್ರಾನೇ ಹೇಳೋಣ ಅಂತ ಬಂದೆ." ನಡೆದಿದ್ದು ಒಂದೇ ವಿಷಯ ಹೇಳಿ, ಹತ್ತು ವರ್ಷದ ಲೆಕ್ಕ ತೆಗೀಬೇಡಿ. ಅವರು ಹೇಳೋದು ಪೂರ್ತಿ ಮುಗಿಯೋ ತನಕ ಮಧ್ಯೆ ಬಾಯಿ ಹಾಕ್ಬೇಡಿ. ಅವತ್ತೇ ಸರಿ ಹೋಗ್ಬೇಕು ಅಂತಿಲ್ಲ, ನೀರು ಕುಡಿದು ವಂದನೆ ಹೇಳಿ ಬನ್ನಿ. ಆಗ್ಲಿಲ್ಲ ಅಂದ್ರೆ ಇಬ್ಬರೂ ಗೌರವಿಸೋ ಒಬ್ಬರು ಹಿರಿಯರನ್ನ ಕರ್ಕೊಂಡು ಮತ್ತೆ ಹೋಗಿ, 16ನೇ ವಚನದಲ್ಲಿ ಹೇಳಿರೋದು ಅದನ್ನೇ.

ಗುಂಪಲ್ಲಿ ಈ ವಿಷಯಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಓದಿ, ನಾಲ್ಕೇ ಅಧ್ಯಾಯ. 2ನೇ ಅಧ್ಯಾಯದಲ್ಲಿ ಕ್ರಿಸ್ತ ತನ್ನನ್ನ ತಾನು ಬರಿದು ಮಾಡ್ಕೊಂಡು ದಾಸನ ರೂಪ ತಗೊಂಡಿದ್ದು ಇದೆ, ಎಷ್ಟು ಎತ್ತರದ ಮಾತು ಅದು. ಅದೇ ಪತ್ರಿಕೆ 4:2ಕ್ಕೆ ಬಂದ್ರೆ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರ ಹೆಸರು ಹಿಡಿದು ಒಂದೇ ಮನಸ್ಸಿನಿಂದಿರಿ ಅಂತ ಬೇಡ್ಕೊಳ್ತಾನೆ. ಸುವಾರ್ತೆಗಾಗಿ ಅವನ ಜೊತೆ ಸೇರಿ ದುಡಿದವರೇ ಅವರು. ಇಡೀ ಸಭೆ ಎದುರಿಗೆ ಆ ಪತ್ರಿಕೆ ಓದಿದಾಗ ಅವರಿಬ್ಬರೂ ಅಲ್ಲೇ ಕೂತಿದ್ರೇನೋ ಅಂತ ನನಗೆ ಯಾವಾಗ್ಲೂ ಅನ್ಸುತ್ತೆ.

ಆದ್ರೆ ಒಂದು ಗಡಿ ಇದೆ, ಇದನ್ನ ಸ್ಪಷ್ಟವಾಗಿ ಹೇಳ್ಬೇಕು. ಗಂಡ ಹೊಡೀತಿದ್ದಾನೆ ಅಂತ ಒಬ್ಬ ತಂಗಿ ಬಂದು ಹೇಳಿದ್ರೆ, ಮಗುವಿನ ಮೇಲೆ ಯಾರೋ ಕೈ ಹಾಕಿದ್ದಾರೆ ಅಂತ ಗೊತ್ತಾದ್ರೆ, "ಒಬ್ಬಳೇ ಹೋಗಿ ಮಾತಾಡು, ಕ್ಷಮಿಸಿಬಿಡು, ಸಭೆ ಮರ್ಯಾದೆ" ಅಂತ ಹೇಳೋದು ಕ್ರಿಸ್ತನ ಪ್ರೀತಿ ಅಲ್ಲ. ಮತ್ತಾಯ 18ರಲ್ಲೇ, ಆ 15ನೇ ವಚನಕ್ಕೆ ಮುಂಚೆ, ಚಿಕ್ಕವರಲ್ಲಿ ಒಬ್ಬರಿಗೆ ಕೇಡು ಮಾಡೋರನ್ನ ಕೊರಳಿಗೆ ಬೀಸೋ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸೋದೇ ಮೇಲು ಅನ್ನೋ ಮಾತಿದೆ, ಅದನ್ನ ಬಿಟ್ಟು ಓದ್ಬೇಡಿ. ಮೊದಲು ಅವರನ್ನ ಸುರಕ್ಷಿತ ಜಾಗಕ್ಕೆ ಕರ್ಕೊಂಡು ಹೋಗಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳ ವಿಷಯಕ್ಕೆ 1098. ತಪ್ಪು ಮಾಡಿದವನು ಹಿರಿಯನಾಗ್ಲಿ, ಬೋಧಕನಾಗ್ಲಿ, ಇದೇ ದಾರಿ.

ಯಾರ ಮನೇಲಿ ಊಟ ಮಾಡ್ತೀವಿ

ಕ್ರೈಸ್ತರಲ್ಲಿ ಜಾತಿ ಇಲ್ಲ ಅಂತ ಪುಲ್ಪಿಟ್ಟಿಂದ ಹೇಳ್ತೀವಿ. ಮದುವೆ ಮಾತುಕತೆಗೆ ಕೂತಾಗ "ಅವರು ಮೂಲತಃ ಯಾವ ಕಡೆಯವರು" ಅಂತ ಮೆಲ್ಲಗೆ ಕೇಳ್ತೀವಿ. ನನಗೆ ನಮ್ಮ ಸಭೆಗಳ ಬಗ್ಗೆ ಅತಿ ದುಃಖ ಆಗೋ ವಿಷಯ ಇದು. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ, ದಾಸ ಸ್ವತಂತ್ರ ಅನ್ನೋ ಭೇದ ಇಲ್ಲ ಅನ್ನೋ ಗಲಾತ್ಯ 3:28 ಬಾಯಿಗೆ ಬರುತ್ತೆ, ಅದಕ್ಕಿಂತ ಮುಂಚೆ 2:11ರಿಂದ 14 ಓದಿ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡ್ತಿದ್ದವನು, ಯಾಕೋಬನ ಕಡೆಯ ಯೆಹೂದ್ಯರು ಬಂದ ತಕ್ಷಣ ಹಿಂದೆ ಸರಿದ, ಅವನನ್ನ ನೋಡಿ ಬಾರ್ನಬನೂ ಸರಿದ. ಪೌಲ ಅದನ್ನ ನಡತೆ ಸರಿ ಇಲ್ಲ ಅಂತ ಬಿಡ್ಲಿಲ್ಲ, ಸುವಾರ್ತೆಯ ಸತ್ಯಕ್ಕೇ ತಪ್ಪಿ ನಡೀತಿದ್ದೀರಿ ಅಂತ ಎಲ್ಲರ ಎದುರಿಗೆ ಹೇಳಿದ. ಒಂದು ಊಟದ ವಿಷಯ ಸುವಾರ್ತೆಯ ವಿಷಯ ಆಯ್ತು.

ಹಾಗಾಗಿ ಇದಕ್ಕೂ ಊಟದಿಂದಾನೇ ಶುರು ಮಾಡಿ. ಟೀ ಮಾತ್ರ ಅಂತ ಹೇಳಿದ್ದು ಓದೋ ಸಂಜೆಗೆ, ಇದು ಬೇರೆ. ನೀವು ಯಾವತ್ತೂ ಊಟ ಮಾಡಿರದ ಸಭೆಯವರ ಮನೆಗೆ ಹೋಗಿ ಅವರು ಬಡಿಸಿದ್ದನ್ನ ತಿನ್ನಿ, ಅವರನ್ನ ನಿಮ್ಮ ಮನೆಗೆ ಕರೆದು ಜೊತೇಲಿ ಕೂತು ತಿನ್ನಿ. ಸಾವಿನ ಮನೆಗೂ ಅಷ್ಟೇ, ಶವಸಂಸ್ಕಾರಕ್ಕೆ ಹೋಗಿ ಬರೋದು ಸಾಲದು, ರಾತ್ರಿ ಇದ್ದು ಬನ್ನಿ. ಭಾನುವಾರ ಯಾಕೋಬ 2ರಲ್ಲಿ ಬರೋ ಚಿನ್ನದ ಉಂಗುರದ ಹಣವಂತನಂಥವರಿಗೆ ಮುಂದಿನ ಕುರ್ಚಿ ಕೊಡೋ ಅಭ್ಯಾಸ ನಿಮ್ಮ ಸಭೇಲೂ ಇದ್ರೆ, ನೀವೇ ಮುಂದಿನ ಸಾಲಿಂದ ಎದ್ದು ಹಿಂದೆ ಹೋಗಿ ಕೂರಿ. ಯಾರಿಗೂ ಭಾಷಣ ಬೇಡ. ಮದುವೆ ವಿಷಯ ಬಂದಾಗ ಮಾತ್ರ ಬಾಯಿ ಬಿಡ್ಲೇಬೇಕು, ನಿಮ್ಮ ಮನೆ ಮದುವೆ ಆದ್ರಂತೂ.

ಸಭೆಯ ಗೋಡೆ ಆಚೆಗೂ ಇದೇ. ನನ್ನ ನೆರೆಯವನು ಯಾರು ಅಂತ ಕೇಳಿದ್ದಕ್ಕೆ ಯೇಸು ಸ್ವಾಮಿ ಹೇಳಿದ ಕಥೇಲಿ ಸಹಾಯ ಮಾಡಿದವನು ಸಮಾರ್ಯದವನು, ಕೇಳಿಸ್ಕೊಂಡವರ ಧರ್ಮದವನಲ್ಲ. ಪಕ್ಕದ ಮನೆ ಗೌಡರಿಗೋ ಸಾಬರಿಗೋ ರಾತ್ರಿ ಹೊತ್ತು ಆಸ್ಪತ್ರೆಗೆ ಗಾಡಿ ಬೇಕಾದ್ರೆ ಹೋಗಿ, ಅವರು ಸಭೆಗೆ ಬರ್ಲಿ ಅನ್ನೋ ಲೆಕ್ಕ ಮನಸ್ಸಲ್ಲಿ ಇಟ್ಕೋಬೇಡಿ, ಅವರು ಕಷ್ಟದಲ್ಲಿದ್ದಾರೆ ಅನ್ನೋದೇ ಕಾರಣ ಸಾಕು. ಅವರು ನಿಮಗೆ ಸಹಾಯ ಮಾಡಿದಾಗ ಸಂತೋಷವಾಗಿ ತಗೊಳ್ಳಿ.

ಮುಂದಕ್ಕೆ

ಎರಡು ಮೂರು ತಿಂಗಳಾದ ಮೇಲೆ ಜನ ಕಡಿಮೆ ಆಗ್ತಾರೆ, ಪರೀಕ್ಷೆ, ಶಿಫ್ಟು, ಮಳೆ. ಮೂವರೇ ಬಂದ್ರೂ ಓದಿ. ಬರ್ದೇ ಇದ್ದವರಿಗೆ ಯಾಕೆ ಬರ್ಲಿಲ್ಲ ಅಂತ ಕೇಳ್ಬೇಡಿ, ಹೇಗಿದ್ದೀರಾ ಅಂತ ಕೇಳಿ. ಗುಂಪು ಹನ್ನೆರಡು ಮೀರಿದ್ರೆ ಎರಡು ಮಾಡಿ, ಆದ್ರೆ ಸ್ನೇಹಿತರೆಲ್ಲಾ ಒಂದೇ ಕಡೆ ಉಳಿಯದ ಹಾಗೆ ನೋಡ್ಕೊಳ್ಳಿ. ನಡೆಸೋದನ್ನ ಒಬ್ಬರೇ ಹಿಡ್ಕೊಂಡು ಕೂರಬಾರ್ದು, ಪುಸ್ತಕ ಬದಲಾದ ಹಾಗೆ ನಡೆಸೋರೂ ಬದಲಾಗ್ಲಿ, ಹೆಂಗಸರು ನಡೆಸ್ಲಿ, ಹುಡುಗರು ನಡೆಸ್ಲಿ.

ಮಾರ್ಕ ಮುಗಿದ ಮೇಲೆ ಯಾಕೋಬನ ಪತ್ರಿಕೆ ತಗೊಳ್ಳಿ, ಐದು ಅಧ್ಯಾಯ, ಕೆಲಸಕ್ಕೆ ಹಚ್ಚುತ್ತೆ. ಅದರ ಮಧ್ಯೆ ಎಲ್ರಿಗೂ ಸುಸ್ತಾಗಿದೆ ಅನ್ಸಿದ ಒಂದು ಸಂಜೆ ಫಿಲೆಮೋನನಿಗೆ ಬರೆದ ಪತ್ರಿಕೆ ಓದಿ, 25 ವಚನ ಅಷ್ಟೇ, ಓಡಿಹೋದ ದಾಸ ಒನೇಸಿಮನನ್ನ ಪ್ರಿಯ ಸಹೋದರನಾಗಿ ಸೇರಿಸ್ಕೋ, ಅವನು ಏನಾದ್ರೂ ಬಾಕಿ ಇಟ್ಟಿದ್ರೆ ನನ್ನ ಲೆಕ್ಕಕ್ಕೆ ಹಾಕು ಅಂತ ಪೌಲ ತನ್ನ ಕೈಯಾರೆ ಬರ್ಕೊಡ್ತಾನೆ. ಆಮೇಲೆ 1 ಕೊರಿಂಥ, ಅದಕ್ಕೆ ಆರು ತಿಂಗಳು ಬೇಕು, ಅವಸರ ಮಾಡ್ಬೇಡಿ. ಹಳೇ ಒಡಂಬಡಿಕೆಗೆ ರೂತಳಿಂದ ಹೋಗಿ, ನಾಲ್ಕು ವಾರ ಸಾಕು, ಅತ್ತೆ ಸೊಸೆ ಇಬ್ಬರೂ ಬರೋ ಗುಂಪಾದ್ರೆ ಅವರಿಬ್ಬರ ಕೈಲೇ ಓದಿಸಿ.